ಸ್ಕಾಟ್ಲೆಂಡ್ ವಂಶವೃಕ್ಷಕ್ಕೆ ದುಡ್ಡು ಕೊಡೋ ಮುಂಚೆ ಇದನ್ನೊಂದ್ಸಲ ಓದಿ

ಮೊದಲೇ ಹೇಳ್ಬಿಡ್ತೀನಿ, ಯಾವ ಕಂಪನಿ ಅಂತ ಕೇಳ್ಬೇಡಿ, ಹೆಸರು ಹಾಕಲ್ಲ. ರೀಫಂಡ್ ವಿಷ್ಯ ಇನ್ನೂ ಎಳೆದಾಡ್ತಿದೆ. ಆದ್ರೆ ನನ್ ಥರ ಸ್ಕಾಟಿಷ್ ಮನೆಗೆ ಸೊಸೆಯಾಗಿ ಬಂದೋರು, ಅಳಿಯ ಆದೋರು ಇಲ್ಲಿ ಬೇಕಾದಷ್ಟು ಜನ ಇದೀರಿ, "ಮಾವಂಗೆ ಏನಪ್ಪಾ ಗಿಫ್ಟ್ ಕೊಡೋದು" ಅಂತ ತಲೆ ಕೆಡಿಸ್ಕೊಂಡು ಈ ವಂಶವೃಕ್ಷ ಮಾಡ್ಕೊಡೋ ಪ್ಯಾಕೇಜ್ ಮೇಲೆ ಕಣ್ಣು ಹಾಕಿದ್ರೆ ದಯವಿಟ್ಟು ಎರಡು ನಿಮಿಷ ನಿಲ್ಲಿ. ನಂಗೆ 380 ಪೌಂಡ್ ಹೋಯ್ತು. ದುಡ್ಡು ಹೋದ್ರೆ ಹೋಗ್ಲಿ, ಮನೆ ತುಂಬ ನೆಂಟರ ಮುಂದೆ ಮರ್ಯಾದೆ ಹೋಯ್ತಲ್ಲ, ಅದು ಇನ್ನೂ ಉರೀತಿದೆ.

ಮಾವನ ಕಡೆಯೋರು ಈಶಾನ್ಯ ಕರಾವಳಿಯೋರು, ಹಳೇ ಬ್ಯಾಂಫ್‌ಷೈರ್. ಬಕಿ, ಫಿಂಡೊಕ್ಟಿ, ಪೋರ್ಟ್‌ನಾಕಿ ಅಂತ ಸಾಲಾಗಿ ಮೀನುಗಾರರ ಊರುಗಳು, ಹಳೇ ದಾಖಲೆಯಲ್ಲಿ ಇವೆಲ್ಲ ರಾಥ್‌ವೆನ್ ಅನ್ನೋ ಒಂದೇ ಪ್ಯಾರಿಷ್, ಅಂದ್ರೆ ಒಂದೇ ಚರ್ಚಿನ ವ್ಯಾಪ್ತಿಗೆ ಸೇರಿದ ಊರುಗಳು. ಅಲ್ಲಿ ಸರ್‌ನೇಮ್ ಅಂದ್ರೆ ಸ್ಮಿತ್, ಕೌವಿ, ಫ್ಲೆಟ್, ಸ್ಲೇಟರ್, ಮೇರ್, ಇಷ್ಟರಲ್ಲೇ ಅರ್ಧ ಊರು ಮುಗೀತು. ಅದ್ರ ಮೇಲೆ ಹೆಸರಿಡೋ ಪದ್ಧತಿ ಬೇರೆ: ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೇಯವನಿಗೆ ಅಮ್ಮನ ಅಪ್ಪನ ಹೆಸರು, ಮೂರನೇಯವನಿಗೆ ಅಪ್ಪಂದೇ ಹೆಸರು. ಒಬ್ಬ ಅಜ್ಜನಿಗೆ ಐದು ಜನ ಗಂಡುಮಕ್ಕಳಿದ್ರೆ ಐದು ಮನೇಲೂ ಅದೇ ಹೆಸರಿನ ಮೊಮ್ಮಗ, ಹೆಚ್ಚುಕಮ್ಮಿ ಅದೇ ವಯಸ್ಸು, ಅದೇ ಕಸುಬು. ಮಗು ತೀರ್ಕೊಂಡ್ರೆ ಮುಂದೆ ಹುಟ್ಟಿದ್ದಕ್ಕೂ ಅದೇ ಹೆಸರು ಇಡ್ತಿದ್ರು. 1842ರ ಒಂದು ಪತ್ರಿಕೆ ಬರಹದಲ್ಲಿ ಬಕಿ ಊರೊಂದರಲ್ಲೇ 25 ಜನ ಜಾರ್ಜ್ ಕೌವಿ ಇದಾರೆ ಅಂತ ಇದೆ, ಗುರುತಿಗೆ ಒಬ್ಬ ಜಾರ್ಜ್ ಕೌವಿ ಕ್ಯಾರೆಟ್, ಇನ್ನೊಬ್ಬ ಜಾರ್ಜ್ ಕೌವಿ ನೀಪ್. ನೀಪ್ ಅಂದ್ರೆ ಟರ್ನಿಪ್ಪು! ಟೀ-ನೇಮ್ ಅಂತಾರೆ ಇದಕ್ಕೆ, ಕುಡಿಯೋ ಟೀಗೂ ಇದಕ್ಕೂ ಸಂಬಂಧ ಇಲ್ಲ.

ನಂಗೆ ಇದು ಅರ್ಥ ಆಗದೇ ಇರೋ ವಿಷ್ಯನೇ ಅಲ್ಲ. ನಮ್ಮೂರಲ್ಲಿ "ಮಂಜಾ" ಅಂತ ಕೂಗಿದ್ರೆ ಆರು ಜನ ತಿರುಗಿ ನೋಡ್ತಾರೆ, ಅದಕ್ಕೇ ಮಿಲ್ ಮಂಜ, ಪಂಪ್‌ಸೆಟ್ ಮಂಜ, ಕುಳ್ಳ ಮಂಜ. ಪಹಣಿಯಲ್ಲಿ ಹೆಸರು ಸರಿ ಇದೆ ಅಂತ ಯಾರಾದ್ರೂ ಜಮೀನು ಕೊಳ್ತಾರಾ? ಬಿನ್ ಯಾರು ಅಂತ ನೋಡ್ದೆ ಅಡ್ವಾನ್ಸ್ ಕೊಟ್ಟೋನ್ನ ಊರೇ ನಗತ್ತೆ. ಅಂಥ ಊರಿಂದ ಬಂದೋಳು ನಾನು, ಇಲ್ಲಿ ಬಂದು ಅದೇ ಹಳ್ಳಕ್ಕೆ ಬಿದ್ದೆ.

ಮಾವಂಗೆ 75 ಆಗ್ತಿತ್ತು. ವೆಬ್‌ಸೈಟ್ ಚೆನ್ನಾಗಿತ್ತು, ಫೋನಲ್ಲಿ ಮಾತಾಡಿದಾತ ಇನ್ನೂ ಚೆನ್ನಾಗಿ ಮಾತಾಡ್ದ. ಆರು ವಾರಕ್ಕೆ ಪಿಡಿಎಫ್ ಬಂತು, 1760ರ ತನಕ ಹೋಗಿತ್ತು, ನೋಡಿ ನಂಗೇ ಮೈ ಜುಮ್ ಅಂತು. ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಓಕ್ ಮರದ ಫ್ರೇಮ್ ಕಟ್ಸಿ ಬರ್ತ್‌ಡೇ ದಿನ ಗೋಡೆಗೆ ಒರಗಿಸಿದ್ವಿ. ಎಲ್ಲಾ ಸುತ್ತ ನಿಂತು ಫೋಟೋ ಹೊಡ್ಕೊಂಡ್ರು, ಮಾವ ಕಣ್ಣೊರೆಸ್ಕೊಂಡ್ರು. ಆಮೇಲೆ ಮಾವನ ಚಿಕ್ಕಮ್ಮ, 91 ವರ್ಷ, ಕನ್ನಡಕ ಮೇಲೆ ಕೆಳಗೆ ಮಾಡ್ಕೊಂಡು ಐದು ನಿಮಿಷ ನೋಡಿದ್ರು. ನೋಡಿ, ಮೆಲ್ಲಗೆ, "ಇವ್ರು ಬಕಿಯೋರಲ್ವಾ, ನಾವು ಪೋರ್ಟ್‌ನಾಕಿಯೋರು. ನಮ್ ಟೀ-ನೇಮೇ ಬೇರೆ" ಅಂದ್ರು. ಟೀ-ನೇಮ್ ಏನು ಅಂತ ಇಲ್ಲಿ ಬರೆಯಲ್ಲ, ಬರೆದ್ರೆ ಆ ಕಡೆಯೋರಿಗೆ ಯಾವ ಮನೆ ಅಂತ ತಕ್ಷಣ ಗೊತ್ತಾಗ್ಬಿಡತ್ತೆ. ಅಷ್ಟು ಖಚಿತ ಅದು. 380 ಪೌಂಡ್ ಪಿಡಿಎಫಲ್ಲಿ ಆ ಪದ ಒಂದು ಕಡೆಯೂ ಇಲ್ಲ.

ಯಾರೂ ಏನೂ ಅನ್ಲಿಲ್ಲ. ಅದೇ ಕಷ್ಟ ಇವ್ರತ್ರ, ಬೈದ್ರೂ ಆಗಿರೋದು, ಎಲ್ಲಾ "ಲವ್ಲೀ ಫ್ರೇಮ್, ಡಿಯರ್" ಅಂತ ಹೇಳಿ ಕೇಕ್ ಕಡೆ ಹೋದ್ರು.

ಅವತ್ತು ರಾತ್ರಿ ನಾನೇ ಕೂತೆ. ಸ್ಕಾಟ್ಲೆಂಡ್ಸ್‌ಪೀಪಲ್ ಅಂತ ಸರ್ಕಾರಿ ಸೈಟಿದೆ, ಇಂಡೆಕ್ಸ್ ಹುಡುಕೋದು ಫ್ರೀ, ಹಳೇ ರಿಜಿಸ್ಟರ್ ಪುಟದ ಚಿತ್ರ ತೆಗೆಯೋಕೆ ಆರು ಕ್ರೆಡಿಟ್, ನಾನು ಕೊಟ್ಟಿದ್ದು ಒಂದೂವರೆ ಪೌಂಡ್. ಮಾವನ ಮುತ್ತಜ್ಜ ಹುಟ್ಟಿದ್ದು 1855. ಇಲ್ಲಿ ಸರ್ಕಾರಿ ಜನನ-ಮರಣ ನೋಂದಣಿ ಶುರುವಾಗಿದ್ದೇ 1855ರ ಜನವರಿ 1ಕ್ಕೆ, ಮತ್ತೆ ಆ ಮೊದಲನೇ ವರ್ಷ ಮಾತ್ರ ಫಾರಂ ಎಷ್ಟು ಉದ್ದ ಇತ್ತು ಅಂದ್ರೆ ಮಗು ಹೆಸರು ಬರೆಸೋಕೆ ಹೋದ್ರೆ ಅಪ್ಪನ ವಯಸ್ಸು, ಅಪ್ಪ ಹುಟ್ಟಿದ ಊರು, ಅಮ್ಮಂದೂ ಅಷ್ಟೇ, ಮದುವೆ ಯಾವಾಗ ಎಲ್ಲಿ, ಹಿಂದಿನ ಮಕ್ಕಳೆಷ್ಟು, ಬದುಕಿರೋರೆಷ್ಟು ಸತ್ತೋರೆಷ್ಟು, ಎಲ್ಲಾ ಕೇಳಿ ಬರ್ಕೊಂಡಿದಾರೆ. ಬರೆಯೋರಿಗೆ ಸಾಕಾಗೋಗಿ ಮರುವರ್ಷವೇ ಕಡಿಮೆ ಮಾಡಿದ್ರು. ಅಂದ್ರೆ 1855ರಲ್ಲಿ ಮನೇಲಿ ಒಂದು ಮಗು ಹುಟ್ಟಿದೆ ಅಂದ್ರೆ ಅದು ಲಾಟರಿ. ನಮ್ಮನೇಲಿ ಹುಟ್ಟಿದೆ! ಪುಟ ತೆಗೆದೆ. ಅಪ್ಪ ಜೇಮ್ಸ್ ಸ್ಮಿತ್ (ನಿಜ ಹೆಸರು ಬೇಡ, ಹೀಗೇ ಇಟ್ಕೊಳ್ಳಿ), ಮೀನುಗಾರ, ವಯಸ್ಸು 31, ಹುಟ್ಟಿದ್ದು ಪೋರ್ಟ್‌ನಾಕಿ. ಓರೆ ಅಕ್ಷರ, ಶಾಯಿ ಸ್ವಲ್ಪ ಹರಡಿದೆ, ಆದ್ರೆ ಪೋರ್ಟ್‌ನಾಕಿ ಅಂತ ಸ್ಪಷ್ಟವಾಗಿ ಇದೆ.

ಕಂಪನಿಯೋರ ಚಾರ್ಟಲ್ಲಿ ಬಕಿಯ ಜೇಮ್ಸ್, 1824. ಎರಡೂ ರಾಥ್‌ವೆನ್ ಪ್ಯಾರಿಷ್ ಅಲ್ವಾ, ಇಂಡೆಕ್ಸಲ್ಲಿ ರಾಥ್‌ವೆನ್ ಅಂತಷ್ಟೇ ಕಾಣತ್ತೆ, ಒಳಗಿನ ಪುಟ ತೆಗೆದು ನೋಡಿದ್ರೆ ತಾನೇ ಊರು ಗೊತ್ತಾಗೋದು. ತೆಗೆದಿಲ್ಲ. ಒಂದೂವರೆ ಪೌಂಡ್ ಉಳಿಸಿದಾರೆ ಮಹಾನುಭಾವರು.

ಇನ್ನೊಂದು ಒಂದೂವರೆ ಪೌಂಡಿಗೆ ಜೇಮ್ಸನ ಮರಣ ದಾಖಲೆ, 1873. ಸ್ಕಾಟ್ಲೆಂಡಲ್ಲಿ ಸತ್ತೋರ ಅಪ್ಪನ ಹೆಸರು, ಅಮ್ಮನ ಹೆಸರು, ಅಮ್ಮನ ತವರು ಸರ್‌ನೇಮ್ ಸಮೇತ ಬರೀತಾರೆ. ಅಪ್ಪ ಜಾನ್, ಅಮ್ಮ ಹೆಲೆನ್. ಚಾರ್ಟಲ್ಲಿ ಅಲೆಕ್ಸಾಂಡರ್, ಮಾರ್ಗರೆಟ್. ಅಲ್ಲಿಗೆ ಮೇಲಿನದ್ದೆಲ್ಲ ಬೇರೆಯೋರ ಅಜ್ಜಿ-ತಾತಂದಿರು. ಇನ್ನೂ ಮಜಾ ಕೇಳಿ, ಚಾರ್ಟಲ್ಲಿ ಜೇಮ್ಸ್ ಸತ್ತಿದ್ದು 1873 ಅಂತ ಅವ್ರೇ ಹಾಕಿದಾರೆ, ಕೆಳಗೆ 1881ರ ಜನಗಣತಿಯಲ್ಲಿ ಬಕಿಯಲ್ಲಿ ವಾಸ ಅಂತಾನೂ ಅವ್ರೇ ಹಾಕಿದಾರೆ. ಸತ್ತು ಎಂಟು ವರ್ಷ ಆದ್ಮೇಲೆ ಎದ್ದು ಬಂದು ಲೆಕ್ಕ ಬರೆಸಿ ಹೋಗಿದಾನೆ ಪುಣ್ಯಾತ್ಮ. ಅದನ್ನ ನಾನು ಫ್ರೇಮ್ ಹಾಕ್ಸಿದೀನಿ. ಓದಿದೀನಿ, ಪ್ರಿಂಟಿಗೆ ಕಳ್ಸೋಕೆ ಮುಂಚೆ ಎರಡು ಸಲ ಓದಿದೀನಿ, ಕಾಗುಣಿತ ನೋಡೋಕೆ!

ಇದನ್ನೆಲ್ಲ ಬರೆದು ಕಂಪನಿಗೆ ಮೇಲ್ ಹಾಕ್ದೆ. ಈಗ ಅವ್ರ ಉತ್ತರಗಳು. ಮೊದಲನೇ ಮೇಲ್: "ಆ ಕಾಲದ ಗುಮಾಸ್ತರು ತಪ್ಪು ಮಾಡ್ತಿದ್ದರು, ವ್ಯತ್ಯಾಸ ಸಹಜ." ಸರಿ, ಸಾವಿನ ಮಾಹಿತಿ ಕೊಟ್ಟ ಮಗನಿಗೆ ಅಜ್ಜಿ ಹೆಸರು ತಪ್ಪಿರಬಹುದು, ಒಪ್ಪೋಣ. ಅಪ್ಪ-ಅಮ್ಮ ಇಬ್ಬರ ಹೆಸರೂ ತಪ್ಪಿ, ಊರೂ ತಪ್ಪಿ, ಗುಮಾಸ್ತ ಏನ್ ಕುಡಿದು ಕೂತಿದ್ನಾ? ಎರಡನೇ ಮೇಲ್: "1841ರ ಜನಗಣತಿಯ ವಯಸ್ಸೂ ಹೊಂದುತ್ತದೆ." 15 ಅಂತಿದೆ. 1841ರಲ್ಲಿ ಹದಿನೈದು ದಾಟಿದೋರ ವಯಸ್ಸನ್ನ ಐದರ ಲೆಕ್ಕಕ್ಕೆ ಇಳಿಸಿ ಬರೀತಿದ್ರು, 15ರಿಂದ 19ರ ತನಕ ಎಲ್ಲಾರೂ 15. ಆ ಪ್ಯಾರಿಷ್‌ನ ಎಲ್ಲಾ ಜೇಮ್ಸ್ ಸ್ಮಿತ್‌ಗೂ ಹೊಂದತ್ತೆ ಸ್ವಾಮಿ. ಮೂರನೇದು: "ಇಂಟರ್ನೆಟ್ಟಿನಲ್ಲಿ ಇನ್ನೂ 11 ವಂಶವೃಕ್ಷಗಳು ಇದೇ ಹೇಳುತ್ತವೆ." ಹನ್ನೊಂದೂ ನೋಡ್ದೆ, ಹನ್ನೊಂದರಲ್ಲೂ ಆ 1881ರ ದೆವ್ವ ಇದೆ. ಒಬ್ಬನದ್ದು ನೋಡಿ ಇನ್ನೊಬ್ಬ ಕಾಪಿ.

ನಾಲ್ಕನೇ ಮೇಲ್ ಇದ್ಯಲ್ಲ, ಅದಕ್ಕೆ ಈ ಪೋಸ್ಟ್ ಬರೀತಿರೋದು. "ನೀವು ಇಲ್ಲಿಯವರಲ್ಲದ ಕಾರಣ ಸ್ಕಾಟಿಷ್ ಹೆಸರಿಡುವ ಪದ್ಧತಿ ನಿಮಗೆ ಪರಿಚಯ ಇರಲಿಕ್ಕಿಲ್ಲ." ನಂಗೆ! ನಮ್ಮನೇಲಿ ಅಣ್ಣನ ಮಗನಿಗೆ ನಮ್ ತಾತನ ಹೆಸರು, ಚಿಕ್ಕಪ್ಪನ ಮಗನಿಗೂ ಅದೇ ಹೆಸರು, ಎಲ್ಐಸಿ ಪತ್ರ ಇವತ್ತಿಗೂ ಅದಲುಬದಲು ಬರತ್ತೆ, ನಂಗೆ ಪರಿಚಯ ಇರಲಿಕ್ಕಿಲ್ಲವಂತೆ. ಅಷ್ಟು ಗೊತ್ತಿದ್ದೋನಿಗೆ, ಜೇಮ್ಸನ ಮೊದಲ ಮಗ ಜಾನ್ ಅಂತಿದೆ, ಹಾಗಾದ್ರೆ ಜೇಮ್ಸನ ಅಪ್ಪ ಜಾನ್ ಇರಬಹುದಾ ಅಂತ ಒಂದು ಅನುಮಾನನೂ ಬರಲಿಲ್ವಾ?

ಕೊನೆಗೆ ಹೇಳಿದ್ದು, ಮೂಲ ಪುಟ ನೋಡಿ ತಾಳೆ ಹಾಕೋದು ಪ್ರೀಮಿಯಂ ಪ್ಯಾಕೇಜಂತೆ, ನಾನು ತಗೊಂಡಿದ್ದು ಸ್ಟ್ಯಾಂಡರ್ಡ್ ಅಂತೆ. 15 ಪರ್ಸೆಂಟ್ ವಾಪಸ್ ಕೊಡ್ತಾರಂತೆ, "ಸೌಹಾರ್ದಕ್ಕಾಗಿ".

ಅಸಲಿಗೆ ಆಗಿದ್ದೇನು ಅಂದ್ರೆ, 1855ಕ್ಕೆ ಮುಂಚಿನ ಹುಟ್ಟಿಗೆ ಮುಖ್ಯವಾಗಿ ಇರೋದು ಚರ್ಚಿನ ಹಳೇ ಪ್ಯಾರಿಷ್ ರಿಜಿಸ್ಟರು, ಅದ್ರಲ್ಲಿ ಬರೆಸ್ಲೇಬೇಕು ಅಂತ ಕಡ್ಡಾಯ ಇರಲಿಲ್ಲ, ಬರೆಸೋಕೆ ದುಡ್ಡೂ ಕೊಡಬೇಕಿತ್ತು, ಎಷ್ಟೋ ಮಕ್ಕಳ ಬ್ಯಾಪ್ಟಿಸಂ ದಾಖಲೇ ಆಗಿಲ್ಲ. ಜಾನ್-ಹೆಲೆನ್ ದಂಪತಿಯ ಜೇಮ್ಸ್ ಇಂಡೆಕ್ಸಲ್ಲಿ ಇಲ್ವೇ ಇಲ್ಲ. ಇಲ್ಲದೋನ್ನ ಹುಡುಕೋ ಬದಲು ಆಸುಪಾಸಿನ ವರ್ಷದಲ್ಲಿ ಸಿಕ್ಕ ಮೂವರು ಜೇಮ್ಸಲ್ಲಿ ವಯಸ್ಸಿಗೆ ಹತ್ತಿರ ಇದ್ದೋನ್ನ ತಂದು ಕೂರಿಸಿದಾರೆ. ಚಾರ್ಟ್ ಖಾಲಿ ಬಿಟ್ರೆ ಗಿರಾಕಿ ದುಡ್ಡು ಕೊಡ್ತಾನಾ?

ಮಾಡಿಸ್ಲೇಬೇಕು ಅಂದ್ರೆ ದುಡ್ಡು ಕೊಡೋ ಮುಂಚೆ ಕೇಳಿ, ಪ್ರತಿ ತಲೆಮಾರಿಗೂ ಮೂಲ ಪುಟದ ಚಿತ್ರ ಕೊಡ್ತೀರಾ ಅಂತ. ಮದುವೆ ಮತ್ತೆ ಸಾವಿನ ದಾಖಲೆಯಲ್ಲಿ ಅಮ್ಮನ ತವರು ಸರ್‌ನೇಮ್ ನೋಡಿ, ಜೇಮ್ಸ್‌ಗಳು ನೂರಿದ್ರೂ ಅಪ್ಪ, ಅಮ್ಮ, ಹೆಂಡತಿ ಮೂರೂ ಒಂದೇ ಆಗಿರೋ ಜೇಮ್ಸ್‌ಗಳು ಕಮ್ಮಿ. ಮತ್ತೆ ಮನೇಲಿ 91ರ ಚಿಕ್ಕಮ್ಮ ಇದ್ರೆ ಮೊದಲು ಅವರ ಹತ್ರ ಒಂದು ಟೀ ಕುಡಿದು ಬನ್ನಿ, ನಾನು ಸರ್‌ಪ್ರೈಸ್ ಕೊಡ್ಬೇಕು ಅಂತ ಕೇಳದೇ ಕೆಟ್ಟೆ.

ಹೋದ ಭಾನುವಾರ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಎರಡು ಗಂಟೆ ಹೇಳಿದ್ರು, ನೋಟ್‌ಬುಕ್ಕಲ್ಲಿ ಹನ್ನೊಂದು ಪುಟ ಆಯ್ತು, 1855ರ ಮುತ್ತಜ್ಜನ ತನಕ ಒಂದೂ ತಪ್ಪಿಲ್ಲ, ತಾಳೆ ಹಾಕಿ ನೋಡ್ದೆ. ಜಾನ್-ಹೆಲೆನ್ ಮೇಲೆ ಇನ್ನೂ ಖಾಲಿ. ಚಾರ್ಟ್ ಕಿತ್ತಾಕಿದೀವಿ, ಫ್ರೇಮ್ ಇಟ್ಕೊಂಡಿದೀವಿ, ಅದಕ್ಕೇ ಬೇರೆ 60 ಪೌಂಡ್ ಕೊಟ್ಟಿದೀನಿ.