ಶರತ್ಕಾಲದ ಅಟ್ಲಾಂಟಿಕ್ ಮತ್ತು ಕ್ವೀನ್ ಮೇರಿ 2: ಮೊದಲ ಸಲ ಹೊರಡುವವರಿಗಾಗಿ ಒಂದು ವಿಮರ್ಶೆ

ಸೌತಾಂಪ್ಟನ್ನಿನಲ್ಲಿ ಹತ್ತಿ, ಏಳು ರಾತ್ರಿ ಕಳೆದು, ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಇಳಿಯುವ ಕ್ಯೂನಾರ್ಡ್ ಕಂಪನಿಯ ಕ್ವೀನ್ ಮೇರಿ 2 ಹಡಗಿನ ಪ್ರಯಾಣದಲ್ಲಿ ಸಾಮಾನ್ಯವಾಗಿ ನಡುವೆ ಒಂದೇ ಒಂದು ಬಂದರು ಕೂಡ ಸಿಗುವುದಿಲ್ಲ. ದಿನಕ್ಕೊಂದು ಊರು ನೋಡಬಹುದೆಂಬ ನಿರೀಕ್ಷೆಯಿಂದ ಹಣ ಕಟ್ಟುವವರು ಇದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಇಲ್ಲಿ ನಮ್ಮ ಹಣಕ್ಕೆ ಸಿಗುವುದು ಹಡಗು, ಸಮುದ್ರ ಮತ್ತು ಗಡಿಬಿಡಿಯಿಲ್ಲದ ಒಂದು ವಾರ. ಇಷ್ಟು ಸಾಕೆನ್ನುವವರಿಗೆ ಈ ಹಡಗನ್ನು ನಾನು ಸಂಕೋಚವಿಲ್ಲದೆ ಸೂಚಿಸುತ್ತೇನೆ. ಆದರೆ ಶರತ್ಕಾಲದಲ್ಲಿ, ಅದರಲ್ಲೂ ಮೊದಲ ಸಲ ಹೋಗುವವರು, ಟಿಕೆಟ್ಟಿನ ದರ್ಜೆಗಿಂತ ಯಾವ ದಿಕ್ಕಿಗೆ ಹೋಗುತ್ತೇವೆ ಮತ್ತು ಹಡಗಿನ ಯಾವ ಭಾಗದಲ್ಲಿ ಮಲಗುತ್ತೇವೆ ಎಂಬುದಕ್ಕೆ ಹೆಚ್ಚು ಗಮನ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಬುಕಿಂಗ್ ಮಾಡಿಕೊಡುವ ಏಜೆಂಟರು ಮಾತು ಆರಂಭಿಸುವುದು ದರ್ಜೆಯಿಂದಲೇ; ಉಳಿದ ಎರಡನ್ನು ನಾವಾಗಿ ಕೇಳಬೇಕಾಗುತ್ತದೆ.

ಹಡಗಿನ ರಚನೆಯ ಬಗ್ಗೆ ಸ್ವಲ್ಪ ವಿವರ ಬೇಕು, ಏಕೆಂದರೆ ಶರತ್ಕಾಲದಲ್ಲಿ ಇದನ್ನೇ ಆರಿಸಿಕೊಳ್ಳಲು ಅದೇ ಮುಖ್ಯ ಕಾರಣ. ಫ್ರಾನ್ಸಿನ ಸ್ಯಾಂ ನಜೇರಿನಲ್ಲಿ ಕಟ್ಟಿದ, 345 ಮೀಟರ್ ಉದ್ದದ ಈ ಹಡಗು 2004ರ ಜನವರಿಯಲ್ಲಿ ಸೇವೆಗೆ ಬಂತು. 2016ರ ನವೀಕರಣದ ನಂತರ ಇದರಲ್ಲಿ ಸುಮಾರು 2,700 ಪ್ರಯಾಣಿಕರಿಗೆ ಸ್ಥಳವಿದೆ. ಕೆರಿಬಿಯನ್ನಿನ ಬೆಚ್ಚಗಿನ, ಶಾಂತ ನೀರಿಗೆಂದು ರೂಪಿಸಿದ ಸಾಮಾನ್ಯ ಪ್ರವಾಸಿ ಹಡಗುಗಳಿಗಿಂತ ಭಿನ್ನವಾಗಿ, ವಿನ್ಯಾಸಕಾರ ಸ್ಟೀಫನ್ ಪೇನ್ ಇದನ್ನು ಉತ್ತರ ಅಟ್ಲಾಂಟಿಕ್ ಸಾಗರವನ್ನು ವರ್ಷದ ಬಹುಪಾಲು ದಾಟುತ್ತಲೇ ಇರಬೇಕಾದ ಹಡಗೆಂದು ರೂಪಿಸಿದರು. ಆದ್ದರಿಂದಲೇ ಇದರ ಮುಂಭಾಗ ಉದ್ದವಾಗಿ ಚೂಪಾಗಿದೆ, ಒಡಲಿನ ಉಕ್ಕು ದಪ್ಪವಾಗಿದೆ, ಸುಮಾರು ಹತ್ತು ಮೀಟರಿನಷ್ಟು ಭಾಗ ನೀರಿನೊಳಗೆ ಇಳಿದಿರುತ್ತದೆ. ಗಂಟೆಗೆ ಸುಮಾರು 55 ಕಿಲೋಮೀಟರ್, ಅಂದರೆ ಮೂವತ್ತು ನಾಟ್‌ನ ಹತ್ತಿರ ಹೋಗಬಲ್ಲ ಶಕ್ತಿಯಿದ್ದರೂ, ಹಿಂದೆ ಆರು ರಾತ್ರಿಗಳಲ್ಲಿ ಮುಗಿಯುತ್ತಿದ್ದ ಪ್ರಯಾಣವನ್ನು ಈಗ ಏಳಕ್ಕೆ ವಿಸ್ತರಿಸಿರುವುದರಿಂದ, ಹಡಗು ಇಪ್ಪತ್ತು ನಾಟ್‌ನ ಆಸುಪಾಸಿನಲ್ಲಿ ನಿಧಾನವಾಗಿ ಸಾಗಿದರೆ ಸಾಕು. ಇಂಧನ ಉಳಿತಾಯದ ಈ ಕ್ರಮದಿಂದ ಪ್ರಯಾಣಿಕನಿಗೂ ಒಂದು ಲಾಭವಿದೆ: ಮುಂದೆ ಬಿರುಗಾಳಿ ಕಂಡರೆ ಕ್ಯಾಪ್ಟನ್ ಬಳಸುದಾರಿ ಹಿಡಿದು, ಆಮೇಲೆ ವೇಗ ಹೆಚ್ಚಿಸಿ, ಹೇಳಿದ ದಿನಕ್ಕೇ ತಲುಪಿಸಲು ಅವಕಾಶವಿರುತ್ತದೆ.

ಶರತ್ಕಾಲವೆಂದರೆ ಇಲ್ಲಿ ಒಂದೇ ಬಗೆಯ ಹವೆಯಲ್ಲ. ಅಟ್ಲಾಂಟಿಕ್ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ ನಡೆಯುತ್ತದೆ, ಸೆಪ್ಟೆಂಬರ್ ಎರಡನೆಯ ವಾರದ ಹೊತ್ತಿಗೆ ಅದು ಏರುಮುಖದ ತುದಿ ಮುಟ್ಟುತ್ತದೆ. ಉಷ್ಣವಲಯದಲ್ಲಿ ಹುಟ್ಟಿದ ಗಾಳಿಗಳಲ್ಲಿ ಕೆಲವು ಅಮೆರಿಕದ ಕರಾವಳಿಯ ಪಕ್ಕದಲ್ಲಿ ಉತ್ತರಕ್ಕೆ ತಿರುಗಿ ಹಡಗಿನ ಹಾದಿಯ ಕಡೆಗೂ ಬರುತ್ತವೆ. ಅಕ್ಟೋಬರ್ ಕಳೆಯುತ್ತಿದ್ದಂತೆ ಚಂಡಮಾರುತಗಳು ಕಡಿಮೆಯಾಗುತ್ತವೆ, ಆದರೆ ಉತ್ತರ ಅಟ್ಲಾಂಟಿಕ್‌ನ ವಾಯುಭಾರ ಕುಸಿತಗಳು ಒಂದರ ಹಿಂದೊಂದು ಬರತೊಡಗಿ ಅಲೆಗಳು ದೊಡ್ಡದಾಗುತ್ತವೆ, ಹಗಲು ಗಿಡ್ಡವಾಗುತ್ತದೆ. ಇವೆರಡರ ನಡುವಿನ ಅವಧಿ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗಿನ ದಿನಗಳು, ಮೊದಲ ಪ್ರಯಾಣಕ್ಕೆ ಸಮಂಜಸ ಎಂದು ನಾನು ಹೇಳುತ್ತೇನೆ. ಬೇಸಿಗೆ ರಜೆಯ ಜನಜಂಗುಳಿ ಆಗ ಇರುವುದಿಲ್ಲ, ಇಳಿದ ಮೇಲೆ ನ್ಯೂಯಾರ್ಕ್ ಸುತ್ತಿನ ಕಾಡುಗಳಲ್ಲಿ ಎಲೆಗಳು ಬಣ್ಣಕ್ಕೆ ತಿರುಗುವ ಕಾಲವೂ ಹತ್ತಿರವಿರುತ್ತದೆ.

ದಿಕ್ಕಿನ ವಿಷಯದಲ್ಲಿ ನನ್ನ ಆಯ್ಕೆ ಸ್ಪಷ್ಟವಾಗಿ ಪಶ್ಚಿಮ. ಇಂಗ್ಲೆಂಡಿಗೂ ನ್ಯೂಯಾರ್ಕಿಗೂ ಇರುವ ಐದು ಗಂಟೆಗಳ ಅಂತರವನ್ನು ಪಶ್ಚಿಮಕ್ಕೆ ಹೋಗುವಾಗ ಐದು ರಾತ್ರಿಗಳಲ್ಲಿ, ರಾತ್ರಿಗೊಂದು ಗಂಟೆಯಂತೆ, ಗಡಿಯಾರ ಹಿಂದಕ್ಕೆ ತಿರುಗಿಸಿ ಸರಿದೂಗಿಸುತ್ತಾರೆ. ಹೀಗೆ ಇಪ್ಪತ್ತೈದು ಗಂಟೆಗಳ ದಿನಗಳು ಸಿಕ್ಕಿ, ವಿಮಾನ ಪ್ರಯಾಣದ ನಂತರ ವಾರವಿಡೀ ಕಾಡುವ ನಿದ್ದೆಯ ಏರುಪೇರಿನ ಸುಳಿವೇ ಇಲ್ಲದೆ ಮನುಷ್ಯ ಹೊಸ ಸಮಯಕ್ಕೆ ಒಗ್ಗಿಕೊಳ್ಳುತ್ತಾನೆ. ಪೂರ್ವಕ್ಕೆ ಹೋಗುವವರಿಗೆ ಇದೇ ಲೆಕ್ಕ ತಿರುಗುಮುರುಗಾಗಿ, ದಿನದಿಂದ ಒಂದೊಂದು ಗಂಟೆ ಕಳೆದುಹೋಗುತ್ತದೆ. ಮಧ್ಯಾಹ್ನದ ಊಟ ಮುಗಿಯಿತೆನ್ನುವಷ್ಟರಲ್ಲಿ ಚಹಾದ ಹೊತ್ತಾಗಿರುತ್ತದೆ. ಪಶ್ಚಿಮದ ಪ್ರಯಾಣಕ್ಕೂ ಒಂದು ತೊಡಕಿದೆಯೆಂಬುದನ್ನು ಮುಚ್ಚಿಡಬಾರದು. ಈ ಅಕ್ಷಾಂಶಗಳಲ್ಲಿ ಗಾಳಿ ಬಹುಮಟ್ಟಿಗೆ ಪಶ್ಚಿಮದಿಂದಲೇ ಬೀಸುವುದರಿಂದ ಹಡಗು ಅದಕ್ಕೆ ಎದುರಾಗಿ ಹೋಗಬೇಕಾಗುತ್ತದೆ. ಅಡ್ಡಡ್ಡ ತೂಗಾಟವನ್ನು ಒಡಲಿನ ಪಕ್ಕಗಳಿಂದ ರೆಕ್ಕೆಗಳಂತೆ ಹೊರಚಾಚುವ ಸ್ಟೆಬಿಲೈಸರ್‌ಗಳು ಬಹಳ ಮಟ್ಟಿಗೆ ತಡೆಯುತ್ತವೆ; ಎದುರಲೆಗೆ ಮುಂಭಾಗ ಏರಿ ಇಳಿಯುವುದನ್ನು ಅವು ತಡೆಯಲಾರವು.

ಕ್ಯಾಬಿನ್ ಎಲ್ಲಿರಬೇಕೆಂಬ ಪ್ರಶ್ನೆ ಹುಟ್ಟುವುದು ಇದರಿಂದಲೇ. ಏರಿಳಿತ ಹೆಚ್ಚು ತಿಳಿಯುವುದು ಹಡಗಿನ ಮುಂದಿನ ಮತ್ತು ಹಿಂದಿನ ತುದಿಗಳಲ್ಲಿ, ತೂಗಾಟ ಹೆಚ್ಚು ತಿಳಿಯುವುದು ಮೇಲಿನ ಡೆಕ್ಕುಗಳಲ್ಲಿ, ಅಂದರೆ ಮೇಲಿನ ಅಂತಸ್ತುಗಳಲ್ಲಿ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕೊನೆಯ ಸೀಟಿಗಿಂತ ನಡುವಿನ ಸೀಟು ವಾಸಿ ಎಂದು ತಿಳಿದವರಿಗೆ ಹೆಚ್ಚು ವಿವರಣೆ ಬೇಕಿಲ್ಲ. ನಾಲ್ಕು, ಐದು ಮತ್ತು ಆರನೆಯ ಡೆಕ್ಕುಗಳ ನಡುಭಾಗದಲ್ಲಿರುವ ಕ್ಯಾಬಿನ್ನುಗಳು ಈ ದೃಷ್ಟಿಯಿಂದ ಅತ್ಯುತ್ತಮ, ಅಲ್ಲಿನ ಬಾಲ್ಕನಿಗಳಿಗೂ ಒಂದು ವಿಶೇಷವಿದೆ. ಅವುಗಳ ಮುಂದೆ ಗಾಜಿನ ತಡೆಯಿರುವುದಿಲ್ಲ. ಹಡಗಿನ ಉಕ್ಕಿನ ಗೋಡೆಯಲ್ಲೇ ಕಿಂಡಿ ಕೊರೆದು ಮಾಡಿದ ಬಾಲ್ಕನಿಗಳು ಅವು. ಕುರ್ಚಿಯಲ್ಲಿ ಕುಳಿತರೆ ಆಕಾಶ ಕಾಣುತ್ತದೆ, ಸಮುದ್ರ ಕಾಣಬೇಕಾದರೆ ಎದ್ದು ನಿಲ್ಲಬೇಕು. ಇದನ್ನು ಕೊರತೆಯೆಂದು ದೂರುವವರು ಬಹಳ ಮಂದಿ. ಆದರೆ ಅಕ್ಟೋಬರ್ ತಿಂಗಳ ನಡುಸಾಗರದಲ್ಲಿ, ಹಡಗಿನ ವೇಗವೂ ಎದುರುಗಾಳಿಯೂ ಸೇರಿ ಬೀಸುವಾಗ, ಮೇಲಿನ ಡೆಕ್ಕಿನ ಗಾಜಿನ ಬಾಲ್ಕನಿಯಲ್ಲಿ ಐದು ನಿಮಿಷ ಕೂರುವುದೂ ಕಷ್ಟವಾದಾಗ, ಈ ಕಿಂಡಿಯ ಬಾಲ್ಕನಿಯಲ್ಲಿ ಶಾಲು ಹೊದ್ದು ಪುಸ್ತಕ ಓದಬಹುದು. ಎಂಟನೆಯ ಡೆಕ್ಕಿನ ಕೆಲವು ಬಾಲ್ಕನಿಗಳ ಎದುರಿಗೆ ರಕ್ಷಣಾ ದೋಣಿಗಳು ನೇತಾಡುತ್ತಿರುತ್ತವೆ. ದರ ಕಡಿಮೆ ಕಂಡರೆ ಕಾರಣ ಅದೇ ಇರಬಹುದೇ ಎಂದು ಡೆಕ್ ನಕ್ಷೆ ತೆಗೆದು ನೋಡಬೇಕು. ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್ ಅಗ್ಗವೇನೋ ನಿಜ, ಆದರೆ ವಾಕರಿಕೆ ಬರುವ ಸ್ವಭಾವದವರಿಗೆ ದಿಗಂತ ಕಾಣುವುದೇ ಅರ್ಧ ಔಷಧಿಯಾದ್ದರಿಂದ ಅವರಿಗೆ ನಾನು ಅದನ್ನು ಹೇಳಲಾರೆ. ಮಾತ್ರೆ ಯಾವುದೆಂಬುದನ್ನು ಊರಿನಲ್ಲಿರುವಾಗಲೇ ವೈದ್ಯರನ್ನು ಕೇಳಿ ತೆಗೆದಿಟ್ಟುಕೊಳ್ಳಬೇಕು.

ಊಟದ ವ್ಯವಸ್ಥೆಯಲ್ಲಿ ಹಳೆಯ ಕಾಲದ ದರ್ಜೆಯ ನೆರಳು ಇನ್ನೂ ಉಳಿದಿದೆ. ದುಬಾರಿ ಸೂಟ್‌ಗಳವರಿಗೆ ಪ್ರಿನ್ಸೆಸ್ ಗ್ರಿಲ್, ಕ್ವೀನ್ಸ್ ಗ್ರಿಲ್ ಎಂಬ ಪ್ರತ್ಯೇಕ ಊಟದ ಮನೆಗಳಿವೆ, ಉಳಿದ ಬಹುಪಾಲು ಜನರಿಗೆ ಬ್ರಿಟಾನಿಯಾ ಎಂಬ ಭವ್ಯವಾದ ಎರಡಂತಸ್ತಿನ ಸಭಾಂಗಣವಿದೆ. ಅಲ್ಲಿ ರಾತ್ರಿಯೂಟಕ್ಕೆ ಎರಡು ಪಂಕ್ತಿ. ಪಶ್ಚಿಮದ ಪ್ರಯಾಣದಲ್ಲಿ ಮಲಗುವ ಮುನ್ನ ಒಂದು ಗಂಟೆ ಹೆಚ್ಚು ಸಿಗುವುದರಿಂದ ಎರಡನೆಯ ಪಂಕ್ತಿಯೇ ಅನುಕೂಲ. ಸಸ್ಯಾಹಾರಿಗಳು ಉಪವಾಸವಿರಬೇಕಾಗಿಲ್ಲ: ಪ್ರತಿ ರಾತ್ರಿಯ ಪಟ್ಟಿಯಲ್ಲಿ ಸಸ್ಯಾಹಾರದ ಆಯ್ಕೆಗಳಿರುತ್ತವೆ, ಬಫೆಯಲ್ಲಿ ಭಾರತೀಯ ಶೈಲಿಯ ಪಲ್ಯ, ಅನ್ನವೂ ಆಗಾಗ ಕಾಣಿಸಿಕೊಳ್ಳುತ್ತವೆ. ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಮುಟ್ಟದವರು ಮಾತ್ರ ಬುಕಿಂಗ್ ಮಾಡುವಾಗಲೇ ತಿಳಿಸಿ, ಹತ್ತಿದ ದಿನವೇ ಬಡಿಸುವವರ ಮುಖ್ಯಸ್ಥರಿಗೆ ಮತ್ತೊಮ್ಮೆ ನೆನಪಿಸುವುದು ಒಳ್ಳೆಯದು. ಸಾರು, ಹುಳಿಯನ್ನು ಏಳು ದಿನ ಬಿಟ್ಟಿರಲಾರದವರು ಚಟ್ನಿಪುಡಿಯ ಪುಟ್ಟ ಡಬ್ಬಿಯೊಂದನ್ನು ಜೊತೆಗಿಟ್ಟುಕೊಂಡರೆ ಸಾಕು. ಫಿಲ್ಟರ್ ಕಾಫಿಯ ಆಸೆಯನ್ನು ದಡದಲ್ಲೇ ಬಿಟ್ಟು ಬರಬೇಕು. ಅದರ ಬದಲಿಗೆ ಮಧ್ಯಾಹ್ನ ಮೂರೂವರೆಗೆ ಕ್ವೀನ್ಸ್ ರೂಮಿನಲ್ಲಿ, ಬಿಳಿ ಕೈಗವಸು ತೊಟ್ಟವರು ಚಹಾ, ಸ್ಕೋನು, ಪುಟ್ಟ ಸ್ಯಾಂಡ್‌ವಿಚ್ಚುಗಳನ್ನು ಹಿಡಿದು ಸಾಲಾಗಿ ಬರುವ ಉಪಚಾರವಿದೆ. ಸಂಗೀತದ ಜೊತೆಗಿನ ಆ ಒಂದು ಗಂಟೆಯನ್ನು ಯಾವ ಕಾರಣಕ್ಕೂ ತಪ್ಪಿಸಿಕೊಳ್ಳಬಾರದು.

ಉಡುಪಿನ ನಿಯಮ ಅನೇಕರನ್ನು ಹೆದರಿಸುತ್ತದೆ. ಏಳು ರಾತ್ರಿಗಳಲ್ಲಿ ಸಾಮಾನ್ಯವಾಗಿ ಎರಡು ಗಾಲಾ ಸಂಜೆಗಳಿರುತ್ತವೆ, ಆಗ ಗಂಡಸರು ಕಪ್ಪು ಸೂಟು, ಬೋ ಟೈಗಳಲ್ಲಿ ಓಡಾಡುತ್ತಾರೆ. ನಮ್ಮವರಿಗೆ ಇದು ಸಮಸ್ಯೆಯೇ ಅಲ್ಲ, ಏಕೆಂದರೆ ತಮ್ಮ ನಾಡಿನ ಔಪಚಾರಿಕ ಉಡುಪಿಗೂ ಅವಕಾಶವಿದೆ. ಮೈಸೂರು ರೇಷ್ಮೆ ಸೀರೆಗಾಗಲಿ ಬಂದ್‌ಗಲಾ ಕೋಟಿಗಾಗಲಿ ಆ ಸಭಾಂಗಣಕ್ಕಿಂತ ತಕ್ಕ ಜಾಗ ಸಿಗುವುದು ಅಪರೂಪ. ಹಡಗಿನಲ್ಲಿ ವಿಮಾನದಂತೆ ಸಾಮಾನು ತೂಗಿ ಹಣ ಕೇಳುವುದಿಲ್ಲವೆಂದು ಪೆಟ್ಟಿಗೆ ತುಂಬುವವರು, ಮರಳುವುದು ವಿಮಾನದಲ್ಲಿ ಎಂಬುದನ್ನು ಮರೆಯಬಾರದು.

ಹಗಲು ಹೊತ್ತು ಕಳೆಯುವುದು ಹೇಗೆಂಬ ಚಿಂತೆ ಹೊರಡುವ ಮೊದಲು ಇರುತ್ತದೆ, ಎರಡನೆಯ ದಿನಕ್ಕೆ ಅದು ಮಾಯವಾಗುತ್ತದೆ. ಎಂಟನೆಯ ಡೆಕ್ಕಿನ ಮುಂಭಾಗದಲ್ಲಿರುವ ಗ್ರಂಥಾಲಯ ಸಮುದ್ರದ ಮೇಲಿನ ಅತಿ ದೊಡ್ಡ ಗ್ರಂಥಾಲಯವೆಂಬ ಹೆಸರು ಪಡೆದಿದೆ. ಅಲ್ಲಿನ ಕಿಟಕಿ ಪಕ್ಕದ ಕುರ್ಚಿಗಳಿಗೆ ಬೆಳಗ್ಗೆ ಬೇಗ ಹೋಗದಿದ್ದರೆ ಜಾಗವಿರುವುದಿಲ್ಲ. ಹಡಗಿನೊಳಗೊಂದು ತಾರಾಲಯವಿದೆ. ವಿದ್ವಾಂಸರ, ಮಾಜಿ ರಾಜತಾಂತ್ರಿಕರ, ಪತ್ರಕರ್ತರ ಉಪನ್ಯಾಸಗಳು ನಡೆಯುತ್ತವೆ. ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಹಡಗನ್ನು ಪೂರ್ತಿ ಸುತ್ತುವ ಏಳನೆಯ ಡೆಕ್ಕಿನ ನಡಿಗೆಯ ಹಾದಿ. ಮೂರು ಸುತ್ತು ಹಾಕಿದರೆ ಒಂದು ಮೈಲಿಗಿಂತ ತುಸು ಹೆಚ್ಚಾಗುತ್ತದೆ, ಮತ್ತು ಶರತ್ಕಾಲದಲ್ಲಿ ಅದೊಂದು ವ್ಯಾಯಾಮವೇ ಸರಿ: ಒಂದು ಪಕ್ಕದಲ್ಲಿ ಗಾಳಿಗೆ ಬೆನ್ನು ಕೊಟ್ಟು ತೇಲುವ ಕಾಲುಗಳೇ ಇನ್ನೊಂದು ಪಕ್ಕದಲ್ಲಿ ಹೆಜ್ಜೆ ಎತ್ತಲೊಲ್ಲವು. ಕಿವಿ ಮುಚ್ಚುವ ಟೋಪಿ, ಗಾಳಿ ತಡೆಯುವ ಜಾಕೆಟ್, ಜಾರದ ಬೂಟು ಈ ಮೂರೂ ಬೇಕು. ಸಾಮಾನ್ಯ ದರದ ಟಿಕೆಟ್ಟಿನಲ್ಲಿ ಇಂಟರ್ನೆಟ್ ಸೇರಿರುವುದಿಲ್ಲ, ಅದಕ್ಕೆ ಪ್ರತ್ಯೇಕ ಹಣ ಕೊಡಬೇಕು. ದಿನದಿನದ ಸೇವಾಶುಲ್ಕವೂ ಡಾಲರಿನಲ್ಲಿ ಖಾತೆಗೆ ಸೇರುತ್ತದೆ. ಟಿಕೆಟ್ ದರ ಹೋಲಿಸುವಾಗ ಇವೆರಡನ್ನೂ ಕೂಡಿಸಿಯೇ ಹೋಲಿಸಬೇಕು.

ಕಾಗದಪತ್ರಗಳ ಕೆಲಸ ಬೇಸರದ್ದಾದರೂ ಯೋಜನೆ ಆರಂಭವಾಗಬೇಕಾದದ್ದು ಅಲ್ಲಿಂದಲೇ. ಲಂಡನ್ನಿನಲ್ಲಿ ಮಗಳು, ನ್ಯೂಜೆರ್ಸಿಯಲ್ಲಿ ಮಗ ಇರುವ ತಂದೆತಾಯಿಯರು ಎರಡೂ ಮನೆಗಳ ಭೇಟಿಯನ್ನು ಈ ಹಡಗಿನಿಂದ ಜೋಡಿಸುವ ಆಲೋಚನೆ ಸೊಗಸಾಗಿದೆ, ಆದರೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ವೀಸಾ, ಅಮೆರಿಕದ ವೀಸಾ ಎರಡೂ ಮೊದಲೇ ಕೈಯಲ್ಲಿರಬೇಕು. ಅಮೆರಿಕದ ವೀಸಾ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದಾದ್ದರಿಂದ, ವೀಸಾ ಬಂದ ಮೇಲೆ ಟಿಕೆಟ್ ಎಂಬ ಕ್ರಮವೇ ಕ್ಷೇಮ. ಕೆಲವು ಪ್ರಯಾಣಗಳು ಜರ್ಮನಿಯ ಹ್ಯಾಂಬರ್ಗಿನಿಂದ ಆರಂಭವಾಗುತ್ತವೆ ಅಥವಾ ಫ್ರಾನ್ಸಿನ ಲ ಹಾವ್ರ್‌ನಲ್ಲಿ ನಿಲ್ಲುತ್ತವೆ. ಅಂಥವುಗಳಿಗೆ ಯುರೋಪಿನ ಬಹುಪಾಲು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾವೂ ಸೇರುತ್ತದೆ. ಬ್ರಿಟಿಷ್ ಪಾಸ್‌ಪೋರ್ಟ್ ಪಡೆದ ಕನ್ನಡಿಗರಿಗೆ ಅಮೆರಿಕದ ವೀಸಾ ಬೇಡವಾದರೂ ಎಸ್ಟಾ ಎಂಬ ಆನ್‌ಲೈನ್ ಪೂರ್ವಾನುಮತಿ ಬೇಕೇ ಬೇಕು. ಹಡಗಿನಲ್ಲಿ ಆಸ್ಪತ್ರೆಯಿದೆ, ಆದರೆ ಅದರ ಬಿಲ್ಲು ಖಾಸಗಿ ಆಸ್ಪತ್ರೆಯದು. ನಡುಸಾಗರವನ್ನು ಹೆಲಿಕಾಪ್ಟರ್ ತಲುಪಲಾರದು. ವಯಸ್ಸಾದವರು ಹಳೆಯ ಕಾಯಿಲೆಗಳನ್ನೂ ಸಮುದ್ರ ಪ್ರಯಾಣವನ್ನೂ ಸ್ಪಷ್ಟವಾಗಿ ಒಳಗೊಳ್ಳುವ ವಿಮೆಯಿಲ್ಲದೆ ಹತ್ತಬಾರದು.

ಬಂದರುಗಳಿಲ್ಲದ ಪ್ರಯಾಣವೇ ಬೇಡವೆನ್ನುವವರಿಗೆ ಶರತ್ಕಾಲದಲ್ಲೇ ಇನ್ನೊಂದು ದಾರಿಯಿದೆ. ಮೆಡಿಟರೇನಿಯನ್ನಿನಲ್ಲಿ ಬೇಸಿಗೆ ಕಳೆದ ಹಡಗುಗಳು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಬಾರ್ಸಿಲೋನಾ, ಲಿಸ್ಬನ್ ಮುಂತಾದ ಕಡೆಗಳಿಂದ ಫ್ಲಾರಿಡಾಕ್ಕೆ ಸ್ಥಳ ಬದಲಿಸುತ್ತವೆ. ಮಡೀರಾ, ಕ್ಯಾನರಿ ಅಥವಾ ಅಜೋರ್ಸ್ ದ್ವೀಪಗಳಲ್ಲಿ ನಿಂತು, ದಕ್ಷಿಣದ ಬೆಚ್ಚಗಿನ ಹಾದಿಯಲ್ಲಿ ಎರಡು ವಾರದ ಆಸುಪಾಸಿನಲ್ಲಿ ತಲುಪುವ ಈ ಪ್ರಯಾಣಗಳಲ್ಲಿ ರಾತ್ರಿಯೊಂದರ ದರ ಬಹಳ ಸಲ ಕಡಿಮೆಯೇ ಇರುತ್ತದೆ. ಈಜುಕೊಳ, ಬಿಸಿಲು ಬಯಸುವವರು ಅದನ್ನೇ ಆರಿಸಿಕೊಳ್ಳಲಿ. ಅಲ್ಲಿಯೂ ಐದಾರು ದಿನ ಬರಿಯ ಸಮುದ್ರವಿರುತ್ತದೆಂಬುದು ಮಾತ್ರ ನೆನಪಿರಲಿ.

ಎರಡು ತುದಿಗಳ ಏರ್ಪಾಡಿನ ಬಗ್ಗೆ ಇಷ್ಟು ಹೇಳಬೇಕು. ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ಸೌತಾಂಪ್ಟನ್ನಿಗೆ ರೈಲಿನಲ್ಲಿ ಒಂದೂಕಾಲು ಗಂಟೆಯ ಮೇಲೆ ಸ್ವಲ್ಪವಷ್ಟೇ ಆದರೂ, ಬೆಂಗಳೂರಿನಿಂದ ಬರುವವರು ಹಿಂದಿನ ದಿನವೇ ತಲುಪಿ ಅಲ್ಲಿ ಉಳಿಯಬೇಕು. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ. ಬ್ರೂಕ್ಲಿನ್ ತಲುಪುವ ದಿನ ಬೆಳಕು ಹರಿಯುವ ಮೊದಲೇ ಎದ್ದು ಮೇಲಿನ ಡೆಕ್ಕಿಗೆ ಹೋಗಬೇಕು. ನ್ಯೂಯಾರ್ಕ್ ಬಂದರಿನ ಬಾಯಲ್ಲಿರುವ ವೆರಜಾನೊ ಸೇತುವೆಯ ಕೆಳಗೆ ನುಸುಳಲೆಂದೇ ಗಿಡ್ಡವಾಗಿ ಮಾಡಿದ ಹಡಗಿನ ಹೊಗೆಕೊಳವೆ ಸೇತುವೆಗೆ ಕೆಲವೇ ಮೀಟರುಗಳ ಅಂತರದಲ್ಲಿ ಹಾದುಹೋಗುತ್ತದೆ, ಆಮೇಲೆ ಎಡಗಡೆ ಲಿಬರ್ಟಿ ಪ್ರತಿಮೆ ಕಾಣುತ್ತದೆ. ಇಮಿಗ್ರೇಷನ್ ಸಾಲು ಎಷ್ಟು ಉದ್ದವಾಗುತ್ತದೆಂದು ಹೇಳಲಾಗದ ಕಾರಣ ಅಂದಿನ ವಿಮಾನವನ್ನು ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಳ್ಳಬೇಕು. ತಮ್ಮ ಪೆಟ್ಟಿಗೆಗಳನ್ನು ತಾವೇ ಎಳೆದುಕೊಂಡು ಹೋಗಲು ಒಪ್ಪುವವರನ್ನು ಮೊದಲು ಇಳಿಸುತ್ತಾರೆ. ಮಗನ ಮನೆಗೆಂದು ತಂದ ಹಸಿ ಕರಿಬೇವನ್ನೂ ಹಣ್ಣುಗಳನ್ನೂ ಅಮೆರಿಕದ ಕಸ್ಟಮ್ಸ್‌ನವರು ಒಳಗೆ ಬಿಡುವುದಿಲ್ಲ, ಆದ್ದರಿಂದ ಅವನ್ನು ತರದಿರುವುದೇ ಲೇಸು.