ಸ್ಲೈಡಿಂಗ್ ಟೇಬಲ್ಲೋ, ನಿಂತ ಪ್ಯಾನೆಲ್ ಸಾ ಯಂತ್ರವೋ?

ಪ್ಲೈವುಡ್ ಶೀಟು ಕತ್ತರಿಸುವ ಗರಗಸ ಯಂತ್ರ ಕೊಳ್ಳುವುದಾದರೆ ಮೊದಲು ಟೇಪ್ ಹಿಡಿದು ಶೆಡ್ ಅಳೆಯಿರಿ. ಬೆಲೆ ಆಮೇಲೆ ಕೇಳಿದರಾಯ್ತು.

ಪ್ಲೈವುಡ್ ಶೀಟು 8 ಅಡಿ ಉದ್ದ, 4 ಅಡಿ ಅಗಲ. ಸ್ಲೈಡಿಂಗ್ ಟೇಬಲ್ ಯಂತ್ರದಲ್ಲಿ ಶೀಟು ಮಲಗಿಸಿದ ಮೇಜೇ ಬ್ಲೇಡಿನ ಪಕ್ಕ ಜಾರುತ್ತದೆ. 3200 ಎಂಎಂ ಉದ್ದದ ಈ ಮೇಜು ಕತ್ತರಿಸುವಾಗ ಬ್ಲೇಡಿನ ಹಿಂದೆಯೂ ಮುಂದೆಯೂ ಚಾಚುತ್ತದೆ. ಹಾಗಾಗಿ ಉದ್ದಕ್ಕೆ ಹತ್ತಿರ ಹತ್ತಿರ 7 ಮೀಟರ್ ಖಾಲಿ ಬೇಕು. ನಿಂತ ಯಂತ್ರಕ್ಕೆ ಒಂದು ಉದ್ದನೆಯ ಗೋಡೆ ಸಾಕು. ಶೀಟನ್ನು ಚೌಕಟ್ಟಿಗೆ ಒರಗಿಸಿಟ್ಟರೆ ಬ್ಲೇಡೇ ಓಡಾಡುತ್ತದೆ. 18 ಎಂಎಂ ದಪ್ಪದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಶೀಟು ಸುಮಾರು 40 ಕೆಜಿ ತೂಗುತ್ತದೆ. ಒಬ್ಬರೇ ಕೆಲಸ ಮಾಡುವವರಿಗೆ ಅದನ್ನು ಮೇಜಿನ ಮೇಲೆ ಮಲಗಿಸುವ ಕಷ್ಟ ತಪ್ಪುವುದೇ ದೊಡ್ಡ ಲಾಭ, ಅಲ್ವಾ?

ಆದರೆ ಲ್ಯಾಮಿನೇಟ್ ಅಂಟಿಸಿದ ಶೀಟಿನ ಕೆಲಸ ಜಾಸ್ತಿ ಇದ್ದರೆ ನನ್ನ ಓಟು ಸ್ಲೈಡಿಂಗ್ ಟೇಬಲ್‌ಗೇ. ದೊಡ್ಡ ಬ್ಲೇಡಿನ ಮುಂದೆ ಪುಟ್ಟ ಸ್ಕೋರಿಂಗ್ ಬ್ಲೇಡ್ ಇರುತ್ತದೆ. ಅದು ಉಲ್ಟಾ ತಿರುಗುತ್ತಾ ಶೀಟಿನ ಅಡಿಭಾಗದಲ್ಲಿ 1–2 ಎಂಎಂ ಗೀರು ಹಾಕುತ್ತದೆ. ದೊಡ್ಡ ಬ್ಲೇಡ್ ಆ ಗೀರಿನಲ್ಲೇ ಹಾಯುವುದರಿಂದ ಅಂಚು ಚಕ್ಕೆ ಏಳುವುದಿಲ್ಲ. ಎರಡೂ ಬ್ಲೇಡ್ ಒಂದೇ ಗೆರೆಯಲ್ಲಿ ಇರಲೇಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಂಚಿನಲ್ಲಿ ಮೆಟ್ಟಿಲು ಬೀಳುತ್ತದೆ, ಎಡ್ಜ್ ಬ್ಯಾಂಡ್ (ಅಂಚಿಗೆ ಅಂಟಿಸುವ ಪಟ್ಟಿ) ಸರಿಯಾಗಿ ಕೂರುವುದಿಲ್ಲ. 45 ಡಿಗ್ರಿ ಓರೆ ಕಟ್ ಕೂಡ ಇದರಲ್ಲೇ ಸುಲಭ. ನಿಂತ ಯಂತ್ರಗಳಲ್ಲಿ ಬಹುತೇಕ ನೇರ ಕಟ್ ಮಾತ್ರ. ಕೆಲವಕ್ಕಷ್ಟೇ ಸ್ಕೋರಿಂಗ್ ಇರುತ್ತದೆ, ಕೇಳಿ ನೋಡಿ.

ಕರೆಂಟ್ ವಿಷಯ: ದೊಡ್ಡ ಸ್ಲೈಡಿಂಗ್ ಯಂತ್ರಕ್ಕೆ ಸಾಮಾನ್ಯವಾಗಿ ತ್ರೀ ಫೇಸ್ ಬೇಕು.

ಜಾಗ ಕಡಿಮೆ, ಬರೀ ಶೀಟು ತುಂಡು ಮಾಡುವ ಕೆಲಸ ಅಂದರೆ ನಿಂತದ್ದೇ ಕೊಳ್ಳಿ. ಅಡುಗೆಮನೆ ಕಪಾಟು, ವಾರ್ಡ್‌ರೋಬ್ ಮಾಡುವವರಾದರೆ ಇನ್ನೊಂದಿಷ್ಟು ಜಾಗ ಹೊಂದಿಸಿಕೊಂಡು ಸ್ಲೈಡಿಂಗ್ ಟೇಬಲ್ ತನ್ನಿ.