ಅಡಿಕೆ ಅಂಗಳದಿಂದ ನೆಟ್ಟಗೆ ಮೇಲಕ್ಕೆ: ಮೂರು ಬಗೆಯ ಡಕ್ಟೆಡ್ ಫ್ಯಾನ್ ವಿಮಾನ ಕಟ್ಟಿ ನೋಡಿದೆ

ತೀರ್ಥಹಳ್ಳಿ ಕಡೆ ಆರ್‌ಸಿ ವಿಮಾನದ, ಅಂದರೆ ರಿಮೋಟ್ ಹಿಡಿದು ಹಾರಿಸುವ ಪುಟ್ಟ ವಿಮಾನದ, ಹುಚ್ಚು ಹಿಡಿದವರಿಗೆ ಮೊದಲ ತೊಂದರೆ ಜಾಗದ್ದು. ಎದುರಿಗೆ ಗುಡ್ಡ, ಹಿಂದೆ ತೋಟ, ನಡುವೆ ಗದ್ದೆ, ಗದ್ದೆ ತುಂಬ ಬದು. ಡಕ್ಟೆಡ್ ಫ್ಯಾನ್ ಅಂದರೆ ಕೊಳವೆಯೊಳಗೆ ತಿರುಗಿ ಗಾಳಿಯನ್ನು ಹಿಂದಕ್ಕೆ ತಳ್ಳುವ ಪುಟ್ಟ ಫ್ಯಾನ್. ಅಂಥ ವಿಮಾನದ ಚಕ್ರ ಚಿಕ್ಕದು, ಅದು ಓಡಿ ಏಳಬೇಕಾದರೆ ನುಣ್ಣನೆಯ ಉದ್ದ ನೆಲ ಬೇಕು. ನಮ್ಮಲ್ಲಿ ಸಮ ನೆಲ ಅಂದರೆ ಅಂಗಳ ಒಂದೇ. ಅದೂ ಅಡಿಕೆ ಒಣಗಿ ಒಳಗೆ ಹೋದ ಮೇಲೆ, ಮಳೆ ಹಿಡಿಯುವ ಮೊದಲು. ಹಾಗಾಗಿ ನಿಂತಲ್ಲಿಂದಲೇ ಏಳುವ ವಿಮಾನ ಬಿಟ್ಟರೆ ನನಗೆ ಬೇರೆ ದಾರಿ ಇರಲಿಲ್ಲ.

ಎರಡು ಬೇಸಿಗೆಯಲ್ಲಿ ಮೂರು ಬಗೆ ಕಟ್ಟಿದೆ. ಬಾಲದ ಮೇಲೆ ನಿಂತು ಏಳುವುದು ಒಂದು. ರೆಕ್ಕೆಯಲ್ಲಿರುವ ಫ್ಯಾನ್‌ಗಳೇ ಮೇಲಕ್ಕೂ ಮುಂದಕ್ಕೂ ತಿರುಗುವುದು ಇನ್ನೊಂದು. ಎತ್ತಲು ನಾಲ್ಕು ಪ್ರೊಪೆಲ್ಲರ್, ಓಡಲು ಒಂದು ಡಕ್ಟೆಡ್ ಫ್ಯಾನ್ ಇರುವುದು ಮೂರನೆಯದು.

ಯಾರು ನೋಡಿದರೂ ಮೊದಲು ಕೇಳುವುದು "ಥ್ರಸ್ಟ್ ಎಷ್ಟು ಕೆಜಿ?" ಅಂತ. ಥ್ರಸ್ಟ್ ಅಂದರೆ ಫ್ಯಾನ್ ವಿಮಾನವನ್ನು ತಳ್ಳುವ ಬಲ. ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಈಗ ಅನಿಸುವುದು ಇಷ್ಟು: ಥ್ರಸ್ಟ್ ವಿಮಾನದ ತೂಕದ ಒಂದೂಕಾಲು ಪಟ್ಟು ದಾಟಿತೋ, ಆ ಲೆಕ್ಕ ಅಲ್ಲಿಗೆ ಮುಗಿಯಿತು. ಗಾಳಿಯಲ್ಲಿ ನಿಂತಿರುವ ವಿಮಾನ ಒಂದು ಕಡೆ ವಾಲಿದಾಗ ಎಷ್ಟು ಬೇಗ ನೆಟ್ಟಗಾಗುತ್ತದೆ ಅನ್ನುವುದೇ ಆಮೇಲಿನ ಪ್ರಶ್ನೆ. ಮೂರರ ನಡುವೆ ನಿಜವಾದ ವ್ಯತ್ಯಾಸ ಇರುವುದು ಅಲ್ಲಿ.

ಬಾಲದ ಮೇಲೆ ನಿಲ್ಲುವುದರಿಂದ ಶುರು ಮಾಡುತ್ತೇನೆ, ನನ್ನ ಜಾಸ್ತಿ ದಿನ ಹೋಗಿದ್ದು ಇದಕ್ಕೇ. ಒಂದೇ ಫ್ಯಾನ್, 70 ಮಿಲಿಮೀಟರಿನದು, 6 ಸೆಲ್ಲಿನ 2200 ಎಂಎಎಚ್ ಲಿಪೋ ಬ್ಯಾಟರಿ. ಒಟ್ಟು ತೂಕ 1350 ಗ್ರಾಂ. ಡಬ್ಬದ ಮೇಲೆ 2.4 ಕೆಜಿ ಥ್ರಸ್ಟ್ ಅಂತ ಬರೆದಿತ್ತು. ಅಡಿಕೆ ತೂಗುವ ತಕ್ಕಡಿಯ ಮೇಲೆ ತಲೆಕೆಳಗಾಗಿ ಕಟ್ಟಿ ತೂಗಿದರೆ ಸಿಕ್ಕಿದ್ದು 1.8. ಗಾಳಿ ಒಳಗೆ ಹೋಗುವ ಬಾಯಿಯ ಅಂಚು ಚೂಪಾಗಿತ್ತು. ಥರ್ಮಾಕೋಲಿನ ಉಂಗುರ ಮಾಡಿ, ಮರಳು ಕಾಗದದಲ್ಲಿ ಉಜ್ಜಿ, ತಂಬಿಗೆಯ ಬಾಯಿ ಹಾಗೆ ಹೊರಕ್ಕೆ ಬಾಗಿಸಿ ಅಂಟಿಸಿದೆ. ಅದೇ ಫ್ಯಾನ್, ಅದೇ ಬ್ಯಾಟರಿ, ಈ ಸಲ 2.1. ನಿಂತಲ್ಲೇ ನಿಂತ ವಿಮಾನಕ್ಕೆ ಗಾಳಿ ಮುಂದಿನಿಂದ ಮಾತ್ರ ಬರುವುದಿಲ್ಲ, ಸುತ್ತಲಿಂದಲೂ ನುಗ್ಗುತ್ತದೆ. ಚೂಪು ಅಂಚಿನಲ್ಲಿ ಅದು ಹರಿದು ಸುಳಿಯಾಗುತ್ತದೆ. ಒಂದು ಸಂಜೆಯ ಕೆಲಸಕ್ಕೆ 300 ಗ್ರಾಂ ಲಾಭ ಅಂದರೆ ಸಣ್ಣದಲ್ಲ.

ಫ್ಯಾನಿನ ಹಿಂಬದಿಯಲ್ಲಿ, ಗಾಳಿ ಹೊರಬೀಳುವ ಕಡೆ, ನಾಲ್ಕು ಪಟ್ಟಿಗಳಿವೆ. ಒಂದೊಂದನ್ನೂ ತಿರುಗಿಸಲು 9 ಗ್ರಾಂ ಸರ್ವೋ, ಅಂದರೆ ಪುಟ್ಟ ಮೋಟಾರು. ಅಲ್ಲಿ ಗಾಳಿಯ ವೇಗ ಲೆಕ್ಕ ಹಾಕಿದರೆ ಗಂಟೆಗೆ 250 ಕಿಲೋಮೀಟರ್ ಹತ್ತಿರ ಬರುತ್ತದೆ. ಹಾಗಾಗಿ ಬೆರಳಗಲದ ಪಟ್ಟಿ ನಾಲ್ಕು ಡಿಗ್ರಿ ತಿರುಗಿದರೂ ವಿಮಾನ ತಕ್ಷಣ ಮಾತು ಕೇಳುತ್ತದೆ. ನಾಲ್ಕೂ ಪಟ್ಟಿಗಳನ್ನು ಒಂದೇ ಸುತ್ತಿಗೆ ಸ್ವಲ್ಪ ಓರೆ ಇಟ್ಟರೆ, ಮೋಟಾರಿನ ತಿರುಚು ಬಲದಿಂದ ವಿಮಾನ ಬುಗುರಿಯ ಹಾಗೆ ಸುತ್ತುವುದೂ ನಿಲ್ಲುತ್ತದೆ.

ಮೊದಲ ಸಲ ಹಾಗೆ ಕೇಳಲಿಲ್ಲ. ಹಲಸಿನ ಮರದ ಕೊಂಬೆಗೆ ನೈಲಾನ್ ಹಗ್ಗ ಕಟ್ಟಿ, ವಿಮಾನ ತೂಗುಬಿಟ್ಟು ನೋಡುತ್ತಿದ್ದೆ. ಹಗ್ಗದ ತುದಿ ತಮ್ಮನ ಕೈಯಲ್ಲಿ. ವಿಮಾನ ಗಡಿಯಾರದ ಲೋಲಕದ ಹಾಗೆ ತೂಗುತ್ತಲೇ ಇತ್ತು. ಕಾರಣ ಎರಡು ಸಿಕ್ಕಿತು. ಬ್ಯಾಟರಿ ಪಟ್ಟಿಗಳಿಗೆ ತೀರಾ ಹತ್ತಿರ ಇತ್ತು, ತೂಕದ ನಡುಬಿಂದುವಿನಿಂದ ಪಟ್ಟಿಗೆ ಬರೀ 9 ಸೆಂಟಿಮೀಟರ್. ಬ್ಯಾಟರಿಯನ್ನು ಮೂಗಿಗೆ ತಳ್ಳಿ 22 ಮಾಡಿದೆ. ಹಾರೆ ಉದ್ದವಾದಷ್ಟೂ ಬಂಡೆ ಏಳುವುದು ಸಲೀಸು, ಅಲ್ವಾ? ಇನ್ನೊಂದು ಕಾರಣ ಕೀಲಿನಲ್ಲಿತ್ತು. ಪಟ್ಟಿಯ ತುದಿ ಹಿಡಿದು ಅಲ್ಲಾಡಿಸಿದರೆ ಕೂದಲೆಳೆಯಷ್ಟು ಸಡಿಲ. ವಿಮಾನವನ್ನು ತಾನೇ ನೆಟ್ಟಗಿಡುವ ಪುಟ್ಟ ಕಂಪ್ಯೂಟರ್, ಅಂದರೆ ಕಂಟ್ರೋಲರ್, ಸರಿಪಡಿಸಲು ಹೊರಟಾಗೆಲ್ಲ ಮೊದಲು ಆ ಸಡಿಲ ದಾಟಬೇಕು, ಅಷ್ಟರಲ್ಲಿ ವಿಮಾನ ಇನ್ನೊಂದು ಕಡೆ ವಾಲಿರುತ್ತದೆ. ಸೈಕಲ್ ಟ್ಯೂಬಿನ ತೆಳು ಎಳೆಯನ್ನು ಸ್ಪ್ರಿಂಗಿನ ಹಾಗೆ ಎಳೆದು ಕಟ್ಟಿದ ಮೇಲೆ ತೂಗಾಟ ನಿಂತಿತು.

ಪಟ್ಟಿಗೆ ಅಡಿಕೆ ಹಾಳೆಯನ್ನೂ ಹಾಕಿ ನೋಡಿದೆ. ಫೆಬ್ರವರಿಯಲ್ಲಿ ಚೆನ್ನಾಗಿತ್ತು, ಹಗುರ, ಗಟ್ಟಿ. ಮೇ ಕೊನೆಯ ಮಳೆಯ ತೇವಕ್ಕೆ ಬಾಗಿತು. ಈಗ 3 ಮಿಲಿಮೀಟರಿನ ಬಾಲ್ಸಾ ಅನ್ನುವ ಹಗುರ ಮರ, ಮೇಲೆ ಟೇಪು.

ಕಷ್ಟ ಇಲ್ಲ ಅಂತಲ್ಲ. ನೆಟ್ಟಗೆ ನಿಂತಾಗ ರೆಕ್ಕೆ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಮಧ್ಯಾಹ್ನದ ಮೇಲೆ ಹೊಳೆ ಕಡೆಯಿಂದ ಗಾಳಿ ಎದ್ದರೆ ನಾನು ಇಳಿಸುವ ಸಾಹಸ ಮಾಡುವುದಿಲ್ಲ, ಹಾರಿಸುವುದು ಬೆಳಗ್ಗೆ ಎಂಟರ ಒಳಗೆ. ಹೊಟ್ಟೆ ನಮ್ಮ ಕಡೆ ಇದೆಯೋ ಬೆನ್ನೋ ಅಂತ ಕಣ್ಣಿಗೆ ಗೊಂದಲ ಆಗುತ್ತದೆ, ಅದಕ್ಕೆ ಹೊಟ್ಟೆಗೆ ಕೆಂಪು ಬಳಿದಿದ್ದೇನೆ. 1957ರಲ್ಲಿ ಅಮೆರಿಕದ ರಯಾನ್ ಎಕ್ಸ್-13 ಜೆಟ್ ಹೀಗೇ ನೆಟ್ಟಗೆ ಎದ್ದು, ಅಡ್ಡ ಹಾರಿ, ಮತ್ತೆ ನೆಟ್ಟಗಾಗಿ ಇಳಿದಿತ್ತು. ಅದು ನೆಲಕ್ಕೆ ಕೂರುತ್ತಿರಲಿಲ್ಲ, ಟ್ರೇಲರಿನ ತಂತಿಗೆ ಮೂಗಿನ ಕೊಕ್ಕೆ ಸಿಕ್ಕಿಸಿ ನೇತಾಡುತ್ತಿತ್ತು. ಬೆನ್ನ ಹಿಂದಿನ ನೆಲಕ್ಕೆ ಇಳಿಸುವುದು ಎಷ್ಟು ಕಷ್ಟ ಅಂತ ಕಟ್ಟಿದ ಮೇಲೆ ನನಗೆ ಅರ್ಥವಾಯಿತು.

ಎರಡನೆಯದು ನೋಡಲು ಎಲ್ಲಕ್ಕಿಂತ ಚೆಂದ. ರೆಕ್ಕೆಗಳಲ್ಲಿ ತಿರುಗುವ 64 ಮಿಲಿಮೀಟರ್ ಫ್ಯಾನ್ ಎರಡು, ಬಾಲದಲ್ಲಿ ಮೇಲ್ಮುಖವಾದ 50 ಮಿಲಿಮೀಟರಿನದು ಒಂದು. ತೂಕ 1.8 ಕೆಜಿ. ಕಂಟ್ರೋಲರಿಗೆ ಹಾಕುವ ಅರ್ಡುಪೈಲಟ್ ಸಾಫ್ಟ್‌ವೇರಿನಲ್ಲಿ ಇಂಥ ವಿಮಾನಕ್ಕೆ ವ್ಯವಸ್ಥೆ ಇದೆ, ಸೆಟ್ಟಿಂಗ್ ಹುಡುಕಿ ಹಾಕುವ ತಾಳ್ಮೆ ಬೇಕು. ಫ್ಯಾನ್‌ಗಳು ನಿಧಾನಕ್ಕೆ ಮುಂದೆ ಬಾಗಿ, ವಿಮಾನ ತೇಲುವುದನ್ನು ಬಿಟ್ಟು ಹಾರುವುದಕ್ಕೆ ತಿರುಗುವ ಆ ಮೂರು ಸೆಕೆಂಡು ನೋಡಲು ಎಷ್ಟು ಸಲವಾದರೂ ಬ್ಯಾಟರಿ ಖಾಲಿ ಮಾಡಬಹುದು.

ಆದರೆ ಇದು ವಾಲಿದಾಗ ಸರಿಯಾಗುವುದು ಒಂದು ಫ್ಯಾನ್ ಜೋರು ಮಾಡಿ, ಇನ್ನೊಂದು ಕಡಿಮೆ ಮಾಡಿ. ಡಕ್ಟೆಡ್ ಫ್ಯಾನ್ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತದೆ. ಆ ವೇಗ ಏರಿಸಲು ಇಳಿಸಲು ಅದಕ್ಕೆ ಹೊತ್ತು ಬೇಕು. ಕಂಟ್ರೋಲರ್ ಕೇಳಿದ್ದು ತಡವಾಗಿ ಬರುತ್ತದೆ, ತಡವಾಗಿ ಬಂದದ್ದು ಜಾಸ್ತಿಯಾಗುತ್ತದೆ, ವಿಮಾನ ಆ ಕಡೆ ಈ ಕಡೆ ಹೊರಳುತ್ತದೆ. ಗೇನ್, ಅಂದರೆ ಕಂಟ್ರೋಲರ್ ಎಷ್ಟು ಜೋರಾಗಿ ಸರಿಪಡಿಸಬೇಕು ಅನ್ನುವ ಸೆಟ್ಟಿಂಗ್, ಇಳಿಸಿದರೆ ಹೊರಳಾಟ ನಿಂತು ಸೋಮಾರಿಯಾಗುತ್ತದೆ. ನಾನು ನಡುವಿನ ಒಂದು ಜಾಗ ಹುಡುಕಿಕೊಂಡಿದ್ದೇನೆ, ಗಾಳಿ ಇಲ್ಲದಿದ್ದರೆ ಸಾಕು. ನಮ್ಮ ನೌಕಾಪಡೆಯ ಸೀ ಹ್ಯಾರಿಯರ್‌ಗಳು 1983ರಿಂದ 2016ರವರೆಗೆ ಇದ್ದವಲ್ಲ, ಗೋವಾದಲ್ಲಿ. ಆ ವಿಮಾನ ತೇಲುವಾಗ ತೋಲ ಕಾಯುವ ಕೆಲಸವನ್ನು ಎಂಜಿನ್ನಿನ ವೇಗಕ್ಕೆ ಬಿಟ್ಟಿರಲಿಲ್ಲ. ಮೂಗು, ಬಾಲ, ರೆಕ್ಕೆ ತುದಿಗಳಲ್ಲಿ ಎಂಜಿನ್ನಿನ ಗಾಳಿ ಚಿಮ್ಮುವ ಪುಟ್ಟ ಕಿಂಡಿಗಳಿದ್ದವು. ಕಿಂಡಿ ತೆರೆದ ತಕ್ಷಣ ಬಲ ಸಿಗುತ್ತದೆ. ನನ್ನ ಪಟ್ಟಿಗಳ ಗುಟ್ಟೂ ಅದೇ.

ನೆಲದ ತೊಂದರೆಯೂ ಇದಕ್ಕೇ ಜಾಸ್ತಿ. ಸಗಣಿ ಸಾರಿಸಿದ ಅಂಗಳದಿಂದ ಎಬ್ಬಿಸಿದ ಮೊದಲ ದಿನ ಸಗಣಿಯ ಹೆಕ್ಕಳಿಕೆ ಕಿತ್ತು ಎದ್ದು, ಫ್ಯಾನ್ ಅದನ್ನೇ ಎಳೆದುಕೊಂಡು, ಎರಡು ಎಸಳಿನ ಅಂಚು ಹೋಯಿತು. ಅಪ್ಪಯ್ಯ ಜಗಲಿಯಿಂದ ಇಳಿದು ಬಂದು, "ಅಂಗಳ ಎಲ್ಲ ಕಿತ್ತು ಹೋತಲ ಮಾರಾಯ, ಅಡಿಯಲ್ಲಿ ಎಂತಾದ್ರೂ ಹಾಸ್ಬಾರ್ದನಾ?" ಅಂದರು. ಅವತ್ತಿನಿಂದ ನಾಲ್ಕಡಿ ಪ್ಲೈವುಡ್ ಹಾಸುತ್ತೇನೆ. ಇನ್ನೊಂದು ವಿಷಯ: ಕೆಳಗೆ ಬಡಿದ ಗಾಳಿ ನೆಲದುದ್ದಕ್ಕೂ ಹರಡುವಾಗ ಹೊಟ್ಟೆಯ ಅಡಿಯ ಗಾಳಿಯನ್ನೂ ಎಳೆದೊಯ್ಯುತ್ತದೆ, ವಿಮಾನ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಕಾಲುಗಳನ್ನು 6ರಿಂದ 14 ಸೆಂಟಿಮೀಟರಿಗೆ ಏರಿಸಿದ ಮೇಲೆ ಸುಮ್ನೆ ಎದ್ದಿತು.

ಮೂರನೆಯದರ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಮೊದಲ ದಿನವೇ ಹಾರಿತು. 10 ಇಂಚಿನ ಪ್ರೊಪೆಲ್ಲರ್ ನಾಲ್ಕು. 70 ಮಿಲಿಮೀಟರ್ ಫ್ಯಾನಿಗಿಂತ ಒಂದೊಂದರ ಹರವು 13 ಪಟ್ಟು. ಜಾಸ್ತಿ ಗಾಳಿಯನ್ನು ನಿಧಾನಕ್ಕೆ ತಳ್ಳುವುದು, ಕಡಿಮೆ ಗಾಳಿಯನ್ನು ರಭಸಕ್ಕೆ ತಳ್ಳುವುದಕ್ಕಿಂತ ಅಗ್ಗ. ತೇಲಲು 4 ಸೆಲ್ಲಿನಲ್ಲಿ 20 ಆಂಪಿಯರ್ ಆಸುಪಾಸು ಸಾಕು. ಬಾಲದ ಮೇಲೆ ನಿಲ್ಲುವುದಕ್ಕೆ 6 ಸೆಲ್ಲಿನಲ್ಲಿ 50, ಎರಡನೆಯದಕ್ಕೆ 4 ಸೆಲ್ಲಿನಲ್ಲಿ 70 ದಾಟುತ್ತದೆ. ಆ ಎರಡೂ ಎರಡು ನಿಮಿಷ ತೇಲಿದರೆ ಮುಗಿಯಿತು. ಆದರೆ ಮುಂದೆ ಹಾರುವಾಗ ನಾಲ್ಕು ಮೋಟಾರು, ನಾಲ್ಕು ಪ್ರೊಪೆಲ್ಲರ್ ಸುಮ್ನೆ ಹೊರೆ. ಡಕ್ಟೆಡ್ ಫ್ಯಾನಿನ ವೇಗವನ್ನೆಲ್ಲ ಅವು ತಿಂದುಹಾಕುತ್ತವೆ.

ಹೊಸದಾಗಿ ಕಟ್ಟುವವರು ಮೂರನೆಯದರಿಂದ ಶುರು ಮಾಡಿ, ಕಂಟ್ರೋಲರಿನ ಭಾಷೆ ಕಲಿಯಲು ಅದು ಒಳ್ಳೆಯದು. ಎರಡನೆಯದಕ್ಕೆ ಹಣವೂ ತಾಳ್ಮೆಯೂ ಇರಬೇಕು. ಮೂರನ್ನೂ ನಾನು 2 ಕೆಜಿ ಒಳಗೇ ಇಟ್ಟಿದ್ದೇನೆ, 2021ರ ಡ್ರೋನ್ ನಿಯಮಗಳಲ್ಲಿ ಅದು ಮೈಕ್ರೋ ವರ್ಗ. ಶಿವಮೊಗ್ಗದ ಹತ್ತಿರ ಇರುವವರು ಸೋಗಾನೆಯ ವಿಮಾನ ನಿಲ್ದಾಣ ಎಷ್ಟು ದೂರ ಅಂತ ಮೊದಲು ನೋಡಿಕೊಳ್ಳಿ. 2023ರಿಂದ ಅದು ನಡೆಯುತ್ತಿದೆ, 12 ಕಿಲೋಮೀಟರ್ ಆಚೆ ಹೋಗಿ ಹಾರಿಸುವುದೇ ಕ್ಷೇಮ.

ನನ್ನ ಮಟ್ಟಿಗೆ ಬಾಲದ ಮೇಲೆ ನಿಲ್ಲುವುದೇ ಗೆದ್ದಿತು. ಒಂದೇ ಫ್ಯಾನ್, ಅದರ ವೇಗ ಹಿಡಿಯಲು ಒಂದೇ ಇಎಸ್‌ಸಿ. ಎರಡನೆಯದರ ಬಾಲದ ಫ್ಯಾನ್ ಬಿಚ್ಚಿಟ್ಟಿದ್ದೇನೆ. ಅದರ ರೆಕ್ಕೆಯ ಫ್ಯಾನ್‌ಗಳ ಹಿಂದೆಯೂ ಇಂಥದೇ ಬಾಲ್ಸಾ ಪಟ್ಟಿ ಕೂರಿಸುವ ಕೆಲಸ ಈಗ ನಡೆದಿದೆ, ಅಡಿಕೆ ಅಂಗಳಕ್ಕೆ ಬರುವುದರೊಳಗೆ ಮುಗಿಯಬೇಕು.